ಕೊನೆಯ ದಿನ ಎಂಬ ಅರ್ಧ ದಿನ

ಗುರುವಾರ ರಾತ್ರಿ ಊಟ ಮುಗಿಸಿ ಟಿಕೆಟ್ ಬುಕ್ ಮಾಡಿ, ಶನಿವಾರ ಅಂಡಮಾನಿನಲ್ಲಿ ಇಳಿಯುವವರಿಗೆ ಹೋಗುವಾಗ ತೊಂದರೆ ಕಡಿಮೆ. ಯೋಜನೆಯೇ ಇಲ್ಲದ ಮೇಲೆ ಕೆಡುವುದಕ್ಕೇನಿದೆ? ಕೆಡಬೇಕಾದದ್ದೆಲ್ಲ ವಾಪಸು ಹೊರಡುವ ದಿನಕ್ಕೆ ಸರತಿಯಲ್ಲಿ ನಿಂತಿರುತ್ತದೆ. ಆ ದಿನವನ್ನೂ ರಜೆಯ ಲೆಕ್ಕಕ್ಕೆ ಹಿಡಿಯುವುದೇ ಮೂಲ ತಪ್ಪು.

ಹ್ಯಾವ್‌ಲಾಕನ್ನೇ ತೆಗೆದುಕೊಳ್ಳಿ. 2018ರಿಂದ ಅದು ಸ್ವರಾಜ್ ದ್ವೀಪ. ಪ್ರವಾಸಿಗರ ಬಾಯಲ್ಲಿ ಮಾತ್ರ ಇನ್ನೂ ಹ್ಯಾವ್‌ಲಾಕೇ. ವಿಮಾನ ಹತ್ತಬೇಕೆಂದರೆ ಮೊದಲು ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂಗೆ ಬರಬೇಕು. ಖಾಸಗಿ ಫೆರ್ರಿಯಲ್ಲಿ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಫೆರ್ರಿಯಲ್ಲಿ ಎರಡೂವರೆ. ಅದಕ್ಕೆ ಜೆಟ್ಟಿಯಲ್ಲಿ ಒಂದು ಗಂಟೆ ಮೊದಲೇ ಹಾಜರಿ, ಅಲ್ಲಿ ಇಳಿದ ಮೇಲೆ ಲಗೇಜಿನ ಕಾಯುವಿಕೆ, ಆಟೋ, ವಿಮಾನ ನಿಲ್ದಾಣದ ಎರಡು ಗಂಟೆ, ಇಷ್ಟನ್ನೂ ಸೇರಿಸಿ. ಮಧ್ಯಾಹ್ನದ ವಿಮಾನಕ್ಕೆ ಬೆಳಗಿನ ಫೆರ್ರಿ ಕಾಗದದ ಮೇಲೆ ಸರಿಹೋಗುತ್ತದೆ. ಆದರೆ ಗಾಳಿ ಎದ್ದರೆ ಫೆರ್ರಿ ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಆದ್ದರಿಂದ ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಕಳೆಯಬೇಕು. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. "ರೀ, ರಾಧಾನಗರ ಬೀಚಿನ ಸೂರ್ಯಾಸ್ತ ಇನ್ನೊಂದು ಸಲ ನೋಡ್ಕೊಂಡೇ ಹೋಗೋಣ" ಎಂಬ ಒಂದು ಮಾತಿಗೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸೂರ್ಯಾಸ್ತಕ್ಕೂ ಅಲ್ಲಿ ನಮ್ಮ ಗಡಿಯಾರ ಹೊಂದುವುದಿಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಅಂಡಮಾನ್ ಇರುವುದು ಹೆಚ್ಚುಕಡಿಮೆ 93ರಲ್ಲಿ, ಬೆಂಗಳೂರು 77.6ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಸೂರ್ಯ ಅಲ್ಲಿ ಕೆಲಸ ಮುಗಿಸುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಮುಗಿಯಿತು. "ನಾಲ್ಕೂವರೆಗೆ ಕಾಫಿ ಕುಡಿದು ಹೊರಡೋಣ" ಎನ್ನುವ ಕುಟುಂಬಕ್ಕೆ ಕಾಣುವುದು ಕತ್ತಲೆ, ಮತ್ತು ಸೂರ್ಯಾಸ್ತ ನೋಡಿ ಮರಳುವವರ ಎದುರುಮುಖ. ಜೆಟ್ಟಿಯಿಂದ ರಾಧಾನಗರ ಸುಮಾರು ಹನ್ನೆರಡು ಕಿಲೋಮೀಟರ್. ಕತ್ತಲಾದ ಮೇಲೆ ಅಲ್ಲಿಂದ ಆಟೋ ಸಿಗುವುದು ಪುಣ್ಯವಂತರಿಗೆ. ಹೋಗುವಾಗಲೇ ಹೋಗಿಬರುವ ಬಾಡಿಗೆ ಮಾತಾಡಿ, ದುಡ್ಡನ್ನು ವಾಪಸು ಬಂದ ಮೇಲೆ ಕೊಡಿ.

ಇನ್ನು ಬೆಳಗಿನ "ಕೊನೇ ಮುಳುಗು". ಬಂದ ದಿನ ಎಂಟು ಗಂಟೆಗೆ ಎದೆಮಟ್ಟ ನೀರಿತ್ತು ಅಂತ ಇವತ್ತೂ ಎಂಟಕ್ಕೇ ಹೋಗುತ್ತಾರೆ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ನಾಲ್ಕು ದಿನಕ್ಕೆ ಮೂರು ಗಂಟೆಗೂ ಮೀರಿದ ವ್ಯತ್ಯಾಸ. ವಿಜಯನಗರ, ಕಾಲಾಪತ್ಥರ್ ಬೀಚುಗಳ ಕಡೆಯ ಪೂರ್ವ ದಂಡೆಯಲ್ಲಿ ಇಳಿತದ ಹೊತ್ತಿಗೆ ನೀರು ದೂರ ಸರಿದು ಹವಳದ ಕಲ್ಲುಗಳು ಮೇಲೆ ಬಂದಿರುತ್ತವೆ. ಬರಿಗಾಲಲ್ಲಿ ನಡೆದರೆ ಗಾಯ ಖಚಿತ, ಅದೂ ಬೇಗ ಮಾಯದ ಗಾಯ. ಒಳಗೆ ಚೂರು ಉಳಿಯದಂತೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.

"ಬಂದದ್ದಕ್ಕೆ ಸ್ಕೂಬಾನೂ ಆಗಿಹೋಗಲಿ" ಎಂಬ ಜ್ಞಾನೋದಯ ಆಗುವುದೂ ಹೊರಡುವ ದಿನವೇ. ಇದು ಮಾತ್ರ ತಮಾಷೆಯಲ್ಲ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಒತ್ತಡಕ್ಕೆ ರಕ್ತದಲ್ಲಿ ಕರಗಿರುತ್ತದೆ. ವಿಮಾನದೊಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ್ದು. ಮುಳ್ಳಯ್ಯನಗಿರಿಯ ತುದಿಯಷ್ಟು, ಕೆಲವೊಮ್ಮೆ ಅದಕ್ಕೂ ತೆಳು. ಒತ್ತಡ ಇಳಿದೊಡನೆ, ಗೋಲಿ ಒತ್ತಿದ ಸೋಡಾ ಬಾಟಲಿಯ ಹಾಗೆ, ದೇಹದೊಳಗೆ ಗುಳ್ಳೆ ಏಳುತ್ತದೆ. ಒಂದೇ ಸಲ ಮುಳುಗಿದ್ದರೆ ವಿಮಾನಕ್ಕೆ ಮೊದಲು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ಬಿಡುವು ಬೇಕು. ಸ್ಕೂಬಾವನ್ನು ಮೊದಲ ದಿನಗಳಲ್ಲೇ ಮುಗಿಸಿ. ನೀರಿನ ಮೇಲೆ ತೇಲುತ್ತಾ ಸ್ನಾರ್ಕೆಲ್ ಮಾಡುವುದಕ್ಕೆ ಈ ಲೆಕ್ಕ ಇಲ್ಲ.

ಪ್ಯಾಕಿಂಗಿಗೆ ಬರೋಣ. ರಾತ್ರಿಯಿಡೀ ಬಾಲ್ಕನಿಯಲ್ಲಿ ನೇತಾಡಿದ ಚಡ್ಡಿ ಬೆಳಗ್ಗೆಯೂ ಒದ್ದೆ. ಬಟ್ಟೆಯಲ್ಲಿ ಕೂತ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಸಿಹಿನೀರಲ್ಲಿ ಎರಡು ಸಲ ಜಾಲಿಸಿ, ಹಿಂಡಿ, ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಅದರ ಮೇಲೆ ನಿಂತು ತುಳಿಯಿರಿ. ಆಮೇಲೆ ಫ್ಯಾನಿನ ಕೆಳಗೆ ಹರವಿದರೆ ಒಣಗುತ್ತದೆ. ಇಲ್ಲವಾದರೆ ಅರ್ಧ ಕಿಲೋ ಟವೆಲ್ ಒದ್ದೆಯಾಗಿ ಒಂದು ಕಿಲೋ ದಾಟುತ್ತದೆ. ನಾಲ್ಕು ಜನರ ಟವೆಲ್ ಸೇರಿದರೆ ಚೆಕ್-ಇನ್ ಕೌಂಟರಿನ ಮುಂದೆ ಸೂಟ್‌ಕೇಸ್ ಬಿಚ್ಚಿ, ಊರವರೆದುರು ಒಳಉಡುಪು ವರ್ಗಾಯಿಸುವ ಯೋಗ. ಮೈಗೆ ಅಂಟಿದ ಮರಳನ್ನು ತಿಕ್ಕಬೇಡಿ. ಟಾಲ್ಕಂ ಪೌಡರ್ ಉದುರಿಸಿ ಕೈಯಾಡಿಸಿದರೆ ತೇವ ಹೀರಿ ತಾನಾಗಿ ಉದುರುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗಿಗೆ ಸೇರಿಸಿದರೆ ತೆಗೆಸಲು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ.

ಮಕ್ಕಳ ಜೇಬು ತಪಾಸಣೆ ಮನೆಮಂದಿಯಿಂದಲೇ ಆಗಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯ ಜೊತೆ ಹವಳವೂ ಇದೆ. ಸತ್ತು ಬೆಳ್ಳಗಾದ ಚೂರಿಗೂ ವಿನಾಯಿತಿ ಇಲ್ಲ. "ಅದು ಬರೀ ಕಲ್ಲು ಸಾರ್" ಎಂಬ ವಾದ ಎಕ್ಸ್-ರೇ ಯಂತ್ರದ ಮುಂದೆ ನಡೆಯದು. ಶಂಖ, ಚಿಪ್ಪು ಬೇಕಿದ್ದರೆ ಸರ್ಕಾರಿ ಎಂಪೋರಿಯಂನಲ್ಲಿ ಕೊಂಡು ಬಿಲ್ ಕೈಯಲ್ಲಿಟ್ಟುಕೊಳ್ಳಿ.

ಫೆರ್ರಿಗೆ ಮೊದಲು ಹೋಟೆಲಿನ ಉಚಿತ ತಿಂಡಿಯ ಮೇಲೆ ಸೇಡು ತೀರಿಸಿಕೊಳ್ಳುವವರಿದ್ದಾರೆ. ಆರು ಪೂರಿ ಒಳಗೆ ಹೋದಷ್ಟೇ ಉತ್ಸಾಹದಿಂದ ಹೊರಗೂ ಬರುತ್ತವೆ. ಎರಡು ಇಡ್ಲಿ ಸಾಕು. ಸೀಟು ಕೆಳಗಿನ ಡೆಕ್ಕಿನ ಮಧ್ಯಭಾಗದಲ್ಲಿ ಹಿಡಿಯಿರಿ, ಅಲ್ಲಿ ತೂಗಾಟ ಕಡಿಮೆ. ಮುಂತುದಿ ಹೆಚ್ಚು ಎಗರುತ್ತದೆ. ಫೋನು ನೋಡದೆ ದಿಗಂತ ನೋಡಿ. ವೈದ್ಯರು ಹೇಳಿದ ವಾಂತಿಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ಪೂರಿಯ ಹಿಂದೆ ಅದೂ ಹೊರಬೀಳುತ್ತದೆ.

ಊರಿಗೆ ಬಂದ ಮೇಲೆ ಬ್ಯಾಗನ್ನು ಬಚ್ಚಲಲ್ಲಿ ಬಿಚ್ಚಬೇಡಿ, ಮೋರಿ ಕಟ್ಟಿಕೊಳ್ಳುತ್ತದೆ. ತಾರಸಿಯ ಮೇಲೆ ಕೊಡವಿ ಆಮೇಲೆ ವಾಷಿಂಗ್ ಮೆಷೀನಿಗೆ ಹಾಕಿ. ಮರಳುನೊಣದ ಕಡಿತ ಅಷ್ಟೊತ್ತಿಗೆ ನೆನಪಿಗೂ ಇರುವುದಿಲ್ಲ. ಎಷ್ಟೋ ಸಲ ಅದರ ತುರಿಕೆ ಒಂದೆರಡು ದಿನ ತಡೆದು, ಸರಿಯಾಗಿ ಆಫೀಸಿನ ಮೀಟಿಂಗಿನಲ್ಲಿ ಶುರುವಾಗುತ್ತದೆ. ಕೆರೆದರೆ ಹುಣ್ಣಾಗುತ್ತದೆ, ಕ್ಯಾಲಮೈನ್ ಹಚ್ಚಿದರೆ ಕಾಲು ಗುಲಾಬಿಯಾಗುತ್ತದೆ. ಗುಲಾಬಿಯೇ ವಾಸಿ, ಪ್ಯಾಂಟು ಉದ್ದದ್ದು ಹಾಕಿ.