ಓವರ್‌ಹೆಡ್ ಖಾತೆಯ ವಿಹಾರನೌಕೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಇಲ್ಲಿನ ವಿಶ್ವವಿದ್ಯಾಲಯಗಳ ವಿದ್ಯೆಗಿಂತ ಅವುಗಳ ಲೆಕ್ಕಪತ್ರವೇ ಹೆಚ್ಚು ಸ್ವಾರಸ್ಯಕರವಾಗಿ ಕಂಡಿದೆ. ಫೆಡರಲ್ ಸರ್ಕಾರ ಪ್ರಾಧ್ಯಾಪಕರೊಬ್ಬರ ಸಂಶೋಧನೆಗೆ ನೂರು ಡಾಲರ್ ಕೊಟ್ಟರೆ, ಕಟ್ಟಡ, ವಿದ್ಯುತ್ತು, ಗ್ರಂಥಾಲಯ, ಗುಮಾಸ್ತರು ಇತ್ಯಾದಿಗಳ ಬಾಬ್ತು ಇನ್ನೂ ಐವತ್ತು ಅರವತ್ತು ಡಾಲರನ್ನು ವಿಶ್ವವಿದ್ಯಾಲಯಕ್ಕೆ ಕೊಡುವುದುಂಟು. ಇದಕ್ಕೆ ಓವರ್‌ಹೆಡ್ ಎನ್ನುತ್ತಾರೆ. ಇದರ ದರವನ್ನು ಪ್ರತಿ ವಿಶ್ವವಿದ್ಯಾಲಯವೂ ಸರ್ಕಾರದೊಂದಿಗೆ ಕುಳಿತು ಗೊತ್ತುಪಡಿಸಿಕೊಳ್ಳಬೇಕು, ಕೆ. ಆರ್. ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟಿಗೆ ನಡೆಯುವ ಚೌಕಾಸಿ ಇದರ ಮುಂದೆ ಬಹಳ ಸಭ್ಯವಾದದ್ದು.

1991ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ಖಾತೆಯನ್ನು ಸಂಸತ್ತಿನ ಉಪಸಮಿತಿಯೊಂದು ಕೆದಕಿದಾಗ, ಅಧ್ಯಕ್ಷರ ನಿವಾಸದ ಹೂವಿನ ಅಲಂಕಾರ ಮತ್ತು ದೇವದಾರು ಹಲಗೆಯ ಬಟ್ಟೆ ಕಪಾಟಿನ ಜೊತೆಗೆ ಒಂದು ವಿಹಾರನೌಕೆಯ ಸವಕಳಿ ವೆಚ್ಚವೂ ಹೊರಬಿತ್ತು. ನೌಕೆಯಿಂದ ಯಾವ ವಿಜ್ಞಾನ ಮುಂದೆ ಸಾಗಿತೆಂದು ಯಾರಿಗೂ ವಿವರಿಸಲಾಗಲಿಲ್ಲ. ಅಧ್ಯಕ್ಷ ಡೊನಾಲ್ಡ್ ಕೆನಡಿಯವರು ಸಮಿತಿಯ ಮುಂದೆ ಉತ್ತರಿಸಿ, ಅದೇ ವರ್ಷ ರಾಜೀನಾಮೆಯನ್ನೂ ಪ್ರಕಟಿಸಿದರು. ಓವರ್‌ಹೆಡ್ಡಿನಲ್ಲಿ ಆಡಳಿತ ವೆಚ್ಚದ ಭಾಗಕ್ಕೆ ಮಾತ್ರ ಸರ್ಕಾರ ಶೇ. 26ರ ಮಿತಿ ಹಾಕಿತು. 2025ರ ಫೆಬ್ರವರಿಯಲ್ಲಿ, ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಓವರ್‌ಹೆಡ್ಡನ್ನು ಒಟ್ಟಾರೆ ಶೇ. 15ಕ್ಕೆ ಇಳಿಸಹೊರಟು, ನ್ಯಾಯಾಲಯ ಅದನ್ನು ತಡೆದಾಗ, ನಾನು ವಿಶ್ವವಿದ್ಯಾಲಯಗಳ ಪರವಾಗಿಯೇ ಇದ್ದೆ. ಪ್ರಯೋಗಾಲಯದ ದೀಪಕ್ಕೂ ಯಾರಾದರೂ ಬಿಲ್ಲು ಕಟ್ಟಲೇಬೇಕಲ್ಲ!

ನಮ್ಮಲ್ಲಿ ವಿಶ್ವವಿದ್ಯಾಲಯ ಹಣವನ್ನು ಅಷ್ಟಾಗಿ ಕೇಳುವುದಿಲ್ಲ. ಸಂಶೋಧಕನ ಆಯುಸ್ಸನ್ನು ಕೇಳುತ್ತದೆ. ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಸ್ನೇಹಿತನಿಗೆ ದ್ರಾವಣದ ಆಮ್ಲೀಯತೆ ಅಳೆಯುವ ಒಂದು ಪಿಎಚ್ ಮೀಟರ್ ಬೇಕಾಗಿತ್ತು. ಮೂರು ಕೊಟೇಶನ್, ಅವುಗಳ ತುಲನಾತ್ಮಕ ಪಟ್ಟಿ, ಖರೀದಿ ಸಮಿತಿಯ ಸಭೆ, ಸಭೆಯ ನಡಾವಳಿಗೆ ಗೈರುಹಾಜರಾದ ಸದಸ್ಯರ ಸಹಿ, ಇವೆಲ್ಲ ಮುಗಿಯುವ ಹೊತ್ತಿಗೆ ಕೊಟೇಶನ್ನಿನ ಅವಧಿಯೇ ಮುಗಿದಿತ್ತು. ಅನುದಾನದ ಕಂತು ಬಂದದ್ದು ಫೆಬ್ರವರಿಯ ಕೊನೆಗೆ. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕಾದ್ದರಿಂದ, ಸುಲಭವಾಗಿ ಸಿಗುವ ಪ್ರಿಂಟರ್ ಟೋನರುಗಳು ಬಂದು ಕಪಾಟು ತುಂಬಿದವು. ದೇಶದ ಸಂಶೋಧನೆಗೆ ಹಣ ಒದಗಿಸಲೆಂದು 2023ರ ಕಾಯ್ದೆಯಡಿ ಹುಟ್ಟಿದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಮಾತಾಡುತ್ತದೆ. ಅದರ ಬಹುಪಾಲು ಸರ್ಕಾರೇತರ ಮೂಲಗಳಿಂದ ಬರಬೇಕಾದ್ದು ಎಂಬುದನ್ನು ಸದ್ಯಕ್ಕೆ ಬದಿಗಿಡೋಣ.

ಮುಖ್ಯಸ್ಥರ ಆಯ್ಕೆಯೂ ನೋಡುವಂಥದ್ದೇ. ಇಲ್ಲಿ ಅಮೆರಿಕದಲ್ಲಿ ಖಾಸಗಿ ಶೋಧಕ ಕಂಪನಿಗೆ ದುಬಾರಿ ಶುಲ್ಕ ತೆತ್ತು ಅಧ್ಯಕ್ಷರನ್ನು ಹುಡುಕಿಸುತ್ತಾರೆ. ಹೀಗೆ ಸಿಕ್ಕವರು ತಮ್ಮ ಅವಧಿಯ ಬಹುಭಾಗವನ್ನು ದಾನಿಗಳೊಂದಿಗೆ ಊಟ ಮಾಡುತ್ತ ಕಳೆಯುತ್ತಾರೆ. ಕರ್ನಾಟಕದಲ್ಲಿ ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ, ರಾಜ್ಯಪಾಲರು ಸರ್ಕಾರದ ಸಹಮತಿಯೊಂದಿಗೆ ಒಬ್ಬರನ್ನು ನಾಲ್ಕು ವರ್ಷಕ್ಕೆ ನೇಮಿಸುತ್ತಾರೆ. ಆ ಸಹಮತಿ ಮೂಡುವವರೆಗೆ ಕುರ್ಚಿ ಪ್ರಭಾರ ಕುಲಪತಿಗಳದ್ದು, ಮತ್ತು ಪ್ರಭಾರದಲ್ಲಿರುವವರು ಯಾವ ಕಡತಕ್ಕೂ ಧೈರ್ಯವಾಗಿ ಸಹಿ ಹಾಕುವುದಿಲ್ಲ. ಸ್ಟ್ಯಾನ್‌ಫರ್ಡಿನ ನೌಕೆಗಾದರೂ ಉತ್ತರ ಹೇಳಲು ಒಬ್ಬ ಅಧ್ಯಕ್ಷರಿದ್ದರು. ನಮ್ಮ ಟೋನರಿಗೆ ಅಷ್ಟೂ ಇಲ್ಲ.

2025ರ ಜೂನ್‌ನಲ್ಲಿ ಕೇಂದ್ರವು ವೈಜ್ಞಾನಿಕ ಸಂಶೋಧನೆಗೆ ಬೇಕಾದ ಉಪಕರಣಗಳ ಖರೀದಿ ನಿಯಮಗಳನ್ನು ಸಡಿಲಿಸಿ, ಸಂಸ್ಥೆಗಳ ಮುಖ್ಯಸ್ಥರಿಗೆ ಹೆಚ್ಚಿನ ಅಧಿಕಾರ ಕೊಟ್ಟಿತು. ಅದು ತನ್ನ ಪಿಎಚ್ ಮೀಟರಿಗೂ ಅನ್ವಯಿಸುತ್ತದೆಯೇ ಎಂದು ಕೇಳಿ ಸ್ನೇಹಿತ ಬರೆದ ಪತ್ರ, ಖಾಯಂ ಕುಲಪತಿಗಳು ಬಂದ ಮೇಲೆ ಮಂಡಿಸತಕ್ಕದ್ದೆಂಬ ಷರಾದೊಂದಿಗೆ ಅವನಿಗೇ ಹಿಂದಿರುಗಿದೆ.