ಕೆಮಿಕಲ್ ಇಲ್ಲದ ಸಾಸಿವೆಯಂತೆ!

ಇವತ್ತು ಸಂತೆಯಲ್ಲಿ ಒಂದು ಬೋರ್ಡು ನೋಡಿದೆ. ‘100% ಕೆಮಿಕಲ್ ಇಲ್ಲದ ಸಾಸಿವೆ, ಕಾಫಿ, ಬೇವಿನ ಎಣ್ಣೆ.’ ತಲೆ ಕೆಟ್ಟಿತು. ಬೇಕು ಅಂತಲೇ ಹುಡುಕಿದರೂ ಇದಕ್ಕಿಂತ ತಪ್ಪು ಪಟ್ಟಿ ಸಿಗುವುದಿಲ್ಲ. ನನ್ನ ಗೊಣಗಾಟ ನಿಮಗೆ ಹೊಸದಲ್ಲ, ಸಹಿಸಿಕೊಳ್ಳಿ.

ಹುಳು ಬಂದರೆ ಗಿಡ ಎದ್ದು ಓಡೋಕಾಗುತ್ತಾ? ನಿಂತಲ್ಲೇ ವಿಷ ಮಾಡಿಕೊಳ್ಳುತ್ತದೆ. ಸಾಸಿವೆಯನ್ನೇ ನೋಡಿ. ಅದರೊಳಗೆ ಗ್ಲುಕೋಸಿನೊಲೇಟ್ ಅನ್ನುವ ರಾಸಾಯನಿಕ ಒಂದು ಕಡೆ, ಮೈರೋಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ. ಬೇರೆ ಬೇರೆ ಇರುವ ತನಕ ಏನೂ ಇಲ್ಲ. ಹುಳು ಕಚ್ಚಿತೋ, ಎರಡೂ ಬೆರೆತು ಘಾಟು ಹುಟ್ಟುತ್ತದೆ. ಇಡೀ ಕಾಳು ಮೂಸಿದರೆ ವಾಸನೆಯೇ ಇಲ್ಲ, ಹಸಿಯಾಗಿ ನೀರು ಹಾಕಿ ರುಬ್ಬಿದರೆ ಮೂಗಿಗೆ ಏರುತ್ತದೆ, ಅಲ್ವಾ? ಆ ಘಾಟು ಹುಳುವಿಗೆಂದು ಮಾಡಿಟ್ಟದ್ದು. ನಾವು ಅದಕ್ಕೆ ಮಾವಿನಹಣ್ಣು, ಬೆಲ್ಲ ಹಾಕಿ ಊಟಕ್ಕೆ ಬಡಿಸುತ್ತೇವೆ. ಒಗ್ಗರಣೆ ಸಾಸಿವೆಗೆ ಆ ಘಾಟಿಲ್ಲ, ಕಾದ ಎಣ್ಣೆಯಲ್ಲಿ ಕಿಣ್ವ ಕೆಟ್ಟುಹೋಗಿರುತ್ತದೆ.

ಬೇವಿನಲ್ಲಿರುವ ಅಜಾಡಿರಕ್ಟಿನ್ ಅನ್ನುವ ರಾಸಾಯನಿಕ ಹುಳು ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಕಾಫಿಯ ಕೆಫೀನೂ ಕೀಟಕ್ಕೆ ವಿಷವೇ. ಕೆಮಿಕಲ್ ಇಲ್ಲವಂತೆ!

ಹುಳುಗಳೂ ಸುಮ್ನೆ ಕೂತಿಲ್ಲ. ಎಲೆಕೋಸೂ ಸಾಸಿವೆಯ ಬಳಗದ್ದೇ, ಅದನ್ನು ತಿನ್ನುವ ವಜ್ರಬೆನ್ನಿನ ಪತಂಗದ ಮರಿಗೆ ಗ್ಲುಕೋಸಿನೊಲೇಟನ್ನು ಬೆರೆಯುವ ಮೊದಲೇ ನಿಷ್ಕ್ರಿಯ ಮಾಡುವ ಕಿಣ್ವ ಇದೆ. ಹೆಣ್ಣು ಪತಂಗ ಮೊಟ್ಟೆ ಇಡಲು ಗಿಡ ಹುಡುಕುವುದೂ ಅದೇ ಘಾಟಿನ ಗುರುತು ಹಿಡಿದು. ಎಂಥಾ ಧೈರ್ಯ! ಕೊಡಗು, ಚಿಕ್ಕಮಗಳೂರಿನ ತೋಟದವರನ್ನು ಅಳಿಸುವ ಬೆರಿ ಬೋರರ್ ಅನ್ನುವ ಕೀಟವಂತೂ ಕಾಫಿ ಬೀಜದೊಳಗೇ ಸಂಸಾರ ಹೂಡುತ್ತದೆ. ಅದರ ಕರುಳಿನ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದುಹಾಕುತ್ತವೆ ಎಂದು 2015ರಲ್ಲಿ ತಿಳಿಯಿತು. ನನಗೋ ಸಂಜೆ ಅರ್ಧ ಲೋಟ ಕುಡಿದರೂ ರಾತ್ರಿ ನಿದ್ದೆ ಇಲ್ಲ.

ಗಿಡ ಹೊಸ ವಿಷ ಮಾಡುವುದು, ಹುಳು ಅದಕ್ಕೊಂದು ದಾರಿ ಕಂಡುಕೊಳ್ಳುವುದು, ಮತ್ತೆ ಗಿಡ. ಚಿಟ್ಟೆಗಳನ್ನೂ ಅವು ತಿನ್ನುವ ಗಿಡಗಳನ್ನೂ ಜೋಡಿಸಿ ನೋಡಿ ಎರ್ಲಿಕ್ ಮತ್ತು ರೇವನ್ ಅನ್ನುವ ವಿಜ್ಞಾನಿಗಳು 1964ರಲ್ಲೇ ಈ ಜಗಳದ ಕಥೆ ಬರೆದಿದ್ದರು. ಇಷ್ಟು ಬಗೆಯ ಗಿಡ, ಇಷ್ಟು ಬಗೆಯ ಚಿಟ್ಟೆ ಹುಟ್ಟಿದ್ದಕ್ಕೆ ಈ ಜಗಳವೂ ಒಂದು ಕಾರಣ ಅಂದರು. ಬೋರ್ಡು ಬರೆದವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

‘ಪಾಪ, ಅವರು ಹೇಳಿದ್ದು ಔಷಧಿ ಹೊಡೆದಿಲ್ಲ ಅಂತ’ ಎಂದು ಯಾರಾದರೂ ಬರುತ್ತೀರಿ, ಗೊತ್ತು. ಹಾಗಾದರೆ ಹಾಗೇ ಬರೆಯಲಿ! ಹೊಡೆಯುವ ಔಷಧಿಯ ಬಗ್ಗೆ, ಹೊಡೆಯುವ ಕೂಲಿಯವರ ಮೈಗೆ ಆಗುವುದರ ಬಗ್ಗೆ ನನಗೂ ಭಯವಿದೆ. ಸೊಪ್ಪಿಗೆ ನಾನೂ ಜಾಸ್ತಿ ದುಡ್ಡು ಕೊಟ್ಟು ಬರುತ್ತೇನೆ. ಆದರೆ ‘ಹೊಡೆದಿಲ್ಲ’ ಬೇರೆ, ‘ಇಲ್ಲ’ ಬೇರೆ. ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು 1990ರಲ್ಲಿ ಹಾಕಿದ ಲೆಕ್ಕ ಇದು: ಅಮೆರಿಕದವರು ಊಟದಲ್ಲಿ ತಿನ್ನುವ ಕೀಟನಾಶಕಗಳಲ್ಲಿ ತೂಕದಲ್ಲಿ 99.99% ಗಿಡಗಳೇ ಮಾಡಿದ್ದು. ಅಷ್ಟು ತಿಂದೂ ಜನ ಬದುಕಿದ್ದಾರೆ, ಯಾಕೆಂದರೆ ಪ್ರಶ್ನೆ ಯಾವ ವಿಷ, ಎಷ್ಟು ಅನ್ನುವುದು.

ಏಮ್ಸ್ ಅವರ ಅದೇ ಬರಹದಲ್ಲಿ ಸೆಲರಿ ಅನ್ನುವ ತರಕಾರಿಯ ಕಥೆಯೂ ಇದೆ. ಹುಳು ತಿನ್ನದ ಹೊಸ ತಳಿಯೊಂದು ಮಾರುಕಟ್ಟೆಗೆ ಬಂತು. ಮುಟ್ಟಿದವರು ಬಿಸಿಲಿಗೆ ಹೋದರೆ ಮೈಮೇಲೆ ಗುಳ್ಳೆ. ಸೋರಲೆನ್ ಅನ್ನುವ ಸೆಲರಿಯ ಸ್ವಂತ ವಿಷ ಆ ತಳಿಯಲ್ಲಿ ಹಲವು ಪಟ್ಟು ಜಾಸ್ತಿ ಇತ್ತು. ಅದು ಯಾರೋ ಹೊಡೆದ ವಿಷವಲ್ಲ.