ಕುಂಬಳಕಾಯಿ ಕಳ್ಳನ ತಲೆಗೆ 32 ತಂತಿ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಹಿರಿಯರ ಬ್ರೈನ್ ಮ್ಯಾಪಿಂಗ್ ಇಷ್ಟೇ. ಖರ್ಚಿಲ್ಲ, ಕರೆಂಟು ಬೇಡ. ಸಂತೆ ನಡುವೆ ನಿಂತು ಒಂದು ಸಲ ಕೂಗಿದರೆ ಸಾಕು, ಕಳ್ಳ ತಾನಾಗಿಯೇ ಸಿಕ್ಕಿಬೀಳುತ್ತಾನೆ. ನಿನ್ನೆ ತನ್ನದೇ ಹಿತ್ತಲಿನ ಬೂದುಗುಂಬಳ ಹೊತ್ತವನೂ ಹೆಗಲು ಮುಟ್ಟಿಕೊಂಡರೆ? ಅವನ ಹಣೆಬರಹ.

ಈಗ ಅದೇ ಗಾದೆಗೆ ತಂತಿ ಸೇರಿಸಿ ವಿಜ್ಞಾನ ಮಾಡಿದ್ದಾರೆ. ಹೆಸರು ಬ್ರೈನ್ ಎಲೆಕ್ಟ್ರಿಕಲ್ ಆಸಿಲೇಷನ್ ಸಿಗ್ನೇಚರ್, ಅಂದರೆ ಮಿದುಳಿನ ವಿದ್ಯುತ್ ಅಲೆ ಓದುವ ಒಂದು ಬಗೆಯ ಬ್ರೈನ್ ಮ್ಯಾಪಿಂಗ್. ರೂಪಿಸಿದವರು ನಮ್ಮ ನಿಮ್ಹಾನ್ಸ್‌ನಲ್ಲೇ ಕೆಲಸ ಮಾಡಿದ್ದ ಸಿ.ಆರ್. ಮುಕುಂದನ್. ಆರೋಪಿಯ ತಲೆಗೆ ತಂತಿ ಅಂಟಿಸುತ್ತಾರೆ. ಆಮೇಲೆ ಪೊಲೀಸರ ಕಥೆಯನ್ನು ಅವನದೇ ಮಾತು ಅನ್ನುವಂತೆ ಒಂದೊಂದೇ ವಾಕ್ಯವಾಗಿ ಕೇಳಿಸುತ್ತಾರೆ. 'ನಾನು ವಿಷ ಕೊಂಡುಕೊಂಡೆ.' ನಡುನಡುವೆ ಸುಮ್ನೆ 'ಆಕಾಶ ನೀಲಿ' ಅಂತಲೂ ಬರುತ್ತದೆ. ಅವನು ಉತ್ತರ ಕೊಡಬೇಕಾಗಿಲ್ಲ, ತೆಪ್ಪಗೆ ಕೂತರೆ ಆಯಿತು. ಇದು ಬರೀ ಕೇಳಿ ಗೊತ್ತಿರುವ ವಿಷಯವೋ, ಮಾಡಿದ ಕೆಲಸದ ನೆನಪೋ ಅಂತ ಮಿಷನ್ನೇ ಹೇಳುತ್ತದಂತೆ. ಸ್ಟೇಷನ್ನಿನಲ್ಲಿ ಅದೇ ಕಥೆಯನ್ನು ಹತ್ತಾರು ಸಲ ಕೇಳಿ ಕೇಳಿ ಅವನಿಗೆ ಬಾಯಿಪಾಠ ಆಗಿದ್ದರೆ ಏನು ಮಾಡೋದು ಅಂತ ಕೇಳಬೇಡಿ. ನಾವು ವಿಜ್ಞಾನದ ವಿಷಯ ಮಾತಾಡುತ್ತಿದ್ದೇವೆ.

ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಆರೋಪಿಯನ್ನು ಬಲವಂತ ಮಾಡುವ ಹಾಗಿಲ್ಲ ಅನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಸರಿ, ಯಾರು ಬಲವಂತ ಮಾಡಿದರು? ಅವನು ತುಟಿಯನ್ನೇ ಬಿಚ್ಚಿಲ್ಲ. ಮಾತಾಡಿದ್ದು ಅವನ ತಲೆ. ತಲೆ ಬೇರೆ, ಅವನು ಬೇರೆ ಅಲ್ವಾ? ಜೈಲಿಗೆ ಹೋಗುವಾಗ ಮಾತ್ರ ಇಬ್ಬರೂ ಒಟ್ಟಿಗೆ ಹೋಗುತ್ತಾರೆ.

ಹೋದದ್ದೂ ಉಂಟು. 2008ರಲ್ಲಿ ಪುಣೆಯ ಕೋರ್ಟು ಒಬ್ಬ ಯುವತಿಗೆ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಆಧಾರಗಳಲ್ಲಿ ಈ 32 ತಂತಿಗಳ ಪರೀಕ್ಷೆಯೂ ಒಂದು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ, ಇಂಥ ಪರೀಕ್ಷೆಗೆ ವೈಜ್ಞಾನಿಕ ಬುಡವಿಲ್ಲ, ಕೋರ್ಟಿಗೆ ತರಬೇಡಿ ಅಂದಿತ್ತು. ಹೈಕೋರ್ಟ್ ಆಮೇಲೆ ಆಕೆಗೆ ಜಾಮೀನು ಕೊಟ್ಟಿತು.

ಬೆಂಗಳೂರಿಗೂ ಇದರಲ್ಲಿ ದೊಡ್ಡ ಹೆಸರು. ಮಸಾಲೆ ದೋಸೆಯ ಹಾಗೆ, ಮದ್ದು ಚುಚ್ಚಿ ಮಾತಾಡಿಸುವ ಮಂಪರು ಪರೀಕ್ಷೆಯೂ ನಮ್ಮೂರ ಸ್ಪೆಷಲ್ ಆಗಿದ್ದ ಕಾಲವೊಂದಿತ್ತು. ನಕಲಿ ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ತೊದಲಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಕೊನೆಗೆ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿತು: ಮಂಪರು, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್, ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡಬೇಡಿ. ಕೇಸಿನ ಹೆಸರು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ನಾಡು ನುಡಿಯ ಹೆಮ್ಮೆಯ ಪಟ್ಟಿಯಲ್ಲಿ ಇದನ್ನು ಯಾಕೋ ಯಾರೂ ಸೇರಿಸುವುದಿಲ್ಲ.

ಒಪ್ಪಿಗೆ ಅಂದರೇನು ಗೊತ್ತಲ್ಲ? ವಕೀಲರು ಜೊತೆಗಿರಬೇಕು, ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗಬೇಕು. ಒಲ್ಲೆ ಅಂದರೆ ಅದು ಆರೋಪಿಯ ಹಕ್ಕು. ಹಕ್ಕು ಚಲಾಯಿಸಿದ ಸಂಜೆಯೇ ಟಿವಿಯಲ್ಲಿ ಕೆಂಪು ಅಕ್ಷರ: 'ಮಂಪರು ಪರೀಕ್ಷೆಗೆ ಹೆದರಿದ್ಯಾಕೆ?' ಒಪ್ಪಿದರೆ ತಲೆ ಹೇಳುತ್ತದೆ, ಒಲ್ಲೆ ಅಂದರೆ ಆ್ಯಂಕರ್ ಹೇಳುತ್ತಾರೆ. 2025ರಲ್ಲಿ ಬಿಹಾರದ ಕೇಸೊಂದರಲ್ಲಿ, ಆರೋಪಿಗಳಿಗೆಲ್ಲ ಮಂಪರು ಪರೀಕ್ಷೆ ಮಾಡಿಸುತ್ತೇವೆ ಅಂದ ಪೊಲೀಸರ ಮಾತಿಗೆ ಪಟ್ನಾ ಹೈಕೋರ್ಟ್ ಹೂಂ ಅಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಹಳೇ ಪಾಠವನ್ನೇ ಮತ್ತೆ ಓದಿಸಿತು.

ನಮ್ಮ ರಾಜಕಾರಣಿಗಳದ್ದು ಬೇರೆಯೇ ದಾರಿ. 2011ರಲ್ಲಿ ಒಬ್ಬ ಹಾಲಿ, ಒಬ್ಬ ಮಾಜಿ ಮುಖ್ಯಮಂತ್ರಿ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದರು. ದರ್ಶನ ಮಾಡಿ, ಆಣೆ ಮಾಡದೆ ವಾಪಸ್ ಬಂದರು. ತಂತಿ ಇಲ್ಲದ ಮಂಜುನಾಥನೆಂದರೇ ಅಷ್ಟು ಭಯ ಇದ್ದರೆ, ತಂತಿ ಅಂಟಿಸಿಕೊಂಡವರ ಗತಿ?

ಇದನ್ನೆಲ್ಲ ಮನೆಯಲ್ಲಿ ವಿವರಿಸಿದ್ದೇ ನನ್ನ ತಪ್ಪು. ಮರುದಿನ ಕೊಬ್ಬರಿ ಮಿಠಾಯಿ ಡಬ್ಬಿಯಲ್ಲಿ ನಾಲ್ಕು ತುಂಡು ಕಡಿಮೆ. ನಿರಪರಾಧಿಯ ಹುಮ್ಮಸ್ಸಿನಲ್ಲಿ ನಾನು ತಕ್ಷಣ ಒಪ್ಪಿಗೆ ಕೊಟ್ಟೆ. ಮಗ ತರಕಾರಿ ತೊಳೆಯುವ ತೂತಿನ ಪಾತ್ರೆಯನ್ನು ನನ್ನ ತಲೆ ಮೇಲೆ ಕವುಚಿದ. ಮಗಳು ಟಾರ್ಚ್ ಹಿಡಿದು ರೆಪ್ಪೆ ನೋಡುತ್ತಾ ಕೂತಳು. ಹೆಂಡತಿ ಓದಿದಳು:

"ಆಕಾಶ ನೀಲಿ. ನಾನು ಸ್ಟೂಲ್ ಹತ್ತಿದೆ. ಡಬ್ಬಿ ಮುಚ್ಚಳ ತೆಗೆದೆ."

ಮುಚ್ಚಳ ಅಂದ ಕೂಡಲೇ ಏಲಕ್ಕಿ ಘಮ ನೆನಪಾಯಿತು. ಮೊನ್ನೆ ಆ ಮುಚ್ಚಳ ಬಿಗಿಯಾಗಿದೆ ಅಂತ ಅವಳೇ ನನ್ನಿಂದ ತೆಗೆಸಿದ್ದಳು. ರೆಪ್ಪೆ ಅದುರಿತು.

"ಸಿಕ್ಕಿಬಿದ್ರು!" ಅಂದಳು ಮಗಳು.

"ಇದಕ್ಕೆ ಮಿಷನ್ ಬೇರೆ ಬೇಕಿತ್ತಾ ರೀ?" ಅಂದಳು ಹೆಂಡತಿ.

ಅಪೀಲಿಗೆ ಅವಕಾಶ ಇರಲಿಲ್ಲ. ಒಂದು ವಾರ ಸಂಜೆ ಕಾಫಿಗೆ ಸಕ್ಕರೆ ಕಟ್.

ಭಾನುವಾರ ಪಕ್ಕದ ಮನೆಯಾಕೆ ಸ್ಟೀಲ್ ಬಟ್ಟಲು ವಾಪಸ್ ಕೊಡಲು ಬಂದರು. "ನೀವು ಕೊಟ್ಟ ಮಿಠಾಯಿ ತುಂಬಾ ಚೆನ್ನಾಗಿತ್ತು ಕಣ್ರೀ. ನಾಲ್ಕೂ ಮಕ್ಕಳೇ ಖಾಲಿ ಮಾಡಿದ್ರು."

ಬಟ್ಟಲು ಇಸಿದುಕೊಂಡ ಹೆಂಡತಿಯ ಇನ್ನೊಂದು ಕೈ ಯಾಕೋ ಹೆಗಲ ಮೇಲಿತ್ತು.